ಇರುವೆ ನಡೆದಷ್ಟು ದೂರ

ನಮ್ಮಲ್ಲಿ ವಸಂತ ಬಂತೆಂದರೆ ತಲೆ ಎತ್ತಿ ನೋಡಬೇಕು. ಮಾವು ಮಿಡಿ ಕಟ್ಟುವುದು, ಹೊಂಗೆ ಚಿಗುರುವುದು, ಮುತ್ತುಗ ಕೆಂಡದ ಬಣ್ಣದ ಹೂ ಬಿಡುವುದು ಎಲ್ಲವೂ ಮೇಲೆ, ಮರದಲ್ಲಿ. ಆಗ ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ. ನೆಲದ ಹೂಗಳು ಬರುವುದು ಮಳೆ ಬಿದ್ದ ಮೇಲೆ. ಯುಗಾದಿಗೆ ನೆಲ ನೋಡಿದರೆ ತರಗೆಲೆ, ಧೂಳು, ಅಷ್ಟೇ.

ಅಮೆರಿಕದ ಪೂರ್ವ ಭಾಗದಲ್ಲಿ ಇದು ತಿರುಗುಮುರುಗು. ಅಲ್ಲಿ ಮಾರ್ಚ್ ಕೊನೆಗೆ, ಏಪ್ರಿಲ್ ಮೊದಲಿಗೆ ಕಾಡಿಗೆ ಹೋದರೆ ಮರಗಳೆಲ್ಲ ಬೋಳು. ಒಣಗಿದ ಪೊರಕೆಗಳನ್ನು ತಲೆಕೆಳಗಾಗಿ ನೆಟ್ಟ ಹಾಗೆ ನಿಂತಿರುತ್ತವೆ. ಆದರೆ ನೆಲದಲ್ಲಿ ಹಿಮ ಕರಗಿದ ನೀರಿದೆ. ಮರಗಳಲ್ಲಿ ಎಲೆ ಇಲ್ಲದ್ದರಿಂದ ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತದೆ. ಮೇ ತಿಂಗಳಲ್ಲಿ ಮೇಪಲ್, ಓಕ್ ಮರಗಳು ಎಲೆ ತುಂಬಿಕೊಂಡರೆ ಕಾಡಿನೊಳಗೆ ಕತ್ತಲೆ. ನಡುವಿನ ಐದಾರು ವಾರಗಳಲ್ಲಿ ಬಿಸಿಲೂ ಇದೆ, ನೀರೂ ಇದೆ. ಆ ಐದಾರು ವಾರಗಳನ್ನೇ ನಂಬಿ ಬದುಕುವ ಪುಟ್ಟ ಹೂಗಳಿವೆ. ಅವುಗಳಲ್ಲಿ ಒಂದರ ಕಥೆ ಇದು.

ನಾನು ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿದ್ದವನು. ಸಸ್ಯಶಾಸ್ತ್ರ ಓದಿದವನಲ್ಲ, ಬಿ.ಕಾಂ. ಹಾಸನದ ನಮ್ಮ ಮನೆಯ ಮುಂದೆ ನಾಲ್ಕು ಗುಲಾಬಿ, ಒಂದು ಪಾರಿಜಾತ, ಬೇಲಿಗೆ ಒಂದಿಷ್ಟು ಬಳ್ಳಿ ಬೆಳೆಸಿದ್ದೇ ನನ್ನ ತೋಟಗಾರಿಕೆ. ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಮೂರು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿಯೂ ಯುಗಾದಿಯ ಹೊತ್ತಿಗೆ ಅಲ್ಲಿಗೆ ಹೋದೆವು. ಮೊಮ್ಮಗಳು ಆಗ ಮೂರನೇ ತರಗತಿ. ಅವಳ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು: ನಿಮ್ಮ ಮನೆಯ ಸುತ್ತ ಇರುವ ಕಾಡುಹೂಗಳ ಪಟ್ಟಿ ಮಾಡಿ ತನ್ನಿ.

ಮಗನ ಮನೆಯ ಹಿಂದೆ ಒಂದು ಸಣ್ಣ ಕಾಡಿದೆ. ತಾತ-ಮೊಮ್ಮಗಳು ಇಬ್ಬರೂ ಕೋಟು, ಟೋಪಿ ಹಾಕಿಕೊಂಡು ಹೋದೆವು. ಮರಗಳಿದ್ದವು, ಅಳಿಲುಗಳಿದ್ದವು, ತರಗೆಲೆ ಇತ್ತು. ಹೂ ಒಂದೂ ಇರಲಿಲ್ಲ. ಮೂರು ಸಲ ಸುತ್ತಿದೆವು, ಪಟ್ಟಿ ಖಾಲಿ.

ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಅವರು ಬೇಲಿಯ ಆಚೆಯಿಂದಲೇ ಹೇಳಿದರು, "ಆ ಕಾಡು ನಾನು ಚಿಕ್ಕವಳಿದ್ದಾಗ ಜೋಳದ ಹೊಲವಾಗಿತ್ತು. ಬೇಸಾಯ ಬಿಟ್ಟ ಮೇಲೆ ಮರಗಳು ತಾವೇ ಬಂದವು. ಹೂ ನೋಡಬೇಕಾದರೆ ನದಿ ದಾಟಿ ಬೋಮನ್ಸ್ ಹಿಲ್‌ಗೆ ಹೋಗಿ."

ಮರಗಳು ಬಂದವು, ಹೂಗಳು ಯಾಕೆ ಬರಲಿಲ್ಲ? ಮೊಮ್ಮಗಳು ಕೇಳಿದಳು. ಉತ್ತರ ನನಗೆ ಗೊತ್ತಿರಲಿಲ್ಲ. ಆ ಭಾನುವಾರ ಮಗ ಕಾರು ತೆಗೆದ.

ನದಿಯ ಆಚೆ

ನ್ಯೂಜೆರ್ಸಿಗೂ ಪೆನ್ಸಿಲ್ವೇನಿಯಾಗೂ ನಡುವೆ ಡೆಲವೇರ್ ನದಿ ಹರಿಯುತ್ತದೆ. ಇತಿಹಾಸದ ಪುಸ್ತಕ ಓದುವ ಮಕ್ಕಳಿಗೆ ಈ ನದಿಯ ಹೆಸರು ಗೊತ್ತಿರಬಹುದು. 1776ರ ಡಿಸೆಂಬರ್ 25ರ ರಾತ್ರಿ, ಹಿಮದ ಗಡ್ಡೆಗಳು ತೇಲುತ್ತಿದ್ದ ಈ ನದಿಯನ್ನು ಜಾರ್ಜ್ ವಾಷಿಂಗ್ಟನ್ ತನ್ನ ಸೈನ್ಯದೊಂದಿಗೆ ದೋಣಿಗಳಲ್ಲಿ ದಾಟಿದ. ಮರುದಿನ ಬೆಳಿಗ್ಗೆ ಟ್ರೆಂಟನ್ ಊರಿನಲ್ಲಿ ಶತ್ರುಗಳ ಮೇಲೆ ಬಿದ್ದು ಗೆದ್ದ. ಆ ಜಾಗಕ್ಕೆ ಈಗಲೂ ವಾಷಿಂಗ್ಟನ್ ಕ್ರಾಸಿಂಗ್ ಎಂದೇ ಹೆಸರು. ಆತ ಪೆನ್ಸಿಲ್ವೇನಿಯಾದಿಂದ ನ್ಯೂಜೆರ್ಸಿಗೆ ಬಂದ, ನಾವು ನ್ಯೂಜೆರ್ಸಿಯಿಂದ ಪೆನ್ಸಿಲ್ವೇನಿಯಾಕ್ಕೆ ಹೋದೆವು. ಸೇತುವೆ ಇದ್ದದ್ದರಿಂದ ಎರಡು ನಿಮಿಷದ ಕೆಲಸ.

ನದಿಯ ದಂಡೆಯಲ್ಲೇ ಸ್ವಲ್ಪ ದೂರ ಹೋದರೆ, ನ್ಯೂಹೋಪ್ ಎಂಬ ಪುಟ್ಟ ಊರಿಗೆ ಮೊದಲೇ ಬೋಮನ್ಸ್ ಹಿಲ್ ಕಾಡುಹೂಗಳ ಧಾಮ ಸಿಗುತ್ತದೆ. 1934ರಲ್ಲಿ ಶುರುವಾದದ್ದು, 134 ಎಕರೆ. ನಮ್ಮ ಲಾಲ್‌ಬಾಗಿನ ಹಾಗೆ ಮಡಿ ಕಟ್ಟಿ, ಕತ್ತರಿಸಿ, ಸಾಲಾಗಿ ನೆಟ್ಟ ತೋಟವಲ್ಲ. ಆ ಸೀಮೆಯಲ್ಲಿ ತಾನಾಗಿ ಬೆಳೆಯುವ ಗಿಡಗಳಿಗೆ ಮಾತ್ರ ಅಲ್ಲಿ ಜಾಗ. ಜಿಂಕೆಗಳು ಒಳಗೆ ಬಂದು ಮೇಯದಂತೆ ಸುತ್ತ ಎತ್ತರದ ಬೇಲಿ. ನಡುವೆ ಪಿಡ್ಕಾಕ್ ಎಂಬ ಹಳ್ಳ ಕಲ್ಲುಗಳ ಮೇಲೆ ಸದ್ದು ಮಾಡುತ್ತ ಹರಿಯುತ್ತದೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ನನ್ನ ಹೆಂಡತಿ ಸೀರೆಯ ಮೇಲೆ ಎರಡು ಸ್ವೆಟರ್, ಅದರ ಮೇಲೆ ಸೊಸೆಯ ಕೋಟು ಹಾಕಿಕೊಂಡು, "ಹೂ ನೋಡೋಕೆ ಯಾರಾದ್ರೂ ಫ್ರಿಜ್ಜಿನೊಳಗೆ ಬರ್ತಾರೇನ್ರೀ?" ಎಂದು ಗೊಣಗುತ್ತಿದ್ದಳು.

ಹತ್ತು ಹೆಜ್ಜೆ ಒಳಗೆ ಹೋದ ಮೇಲೆ ಅವಳ ಗೊಣಗಾಟ ನಿಂತಿತು.

ಒಣ ಎಲೆಗಳ ನಡುವೆ ಎಲ್ಲೆಲ್ಲೂ ಹೂ! ಒಂದು ಗೇಣಿಗಿಂತ ಎತ್ತರದ್ದು ಯಾವುದೂ ಇಲ್ಲ. ಸ್ಪ್ರಿಂಗ್ ಬ್ಯೂಟಿ ಎಂಬುದಕ್ಕೆ ತಿಳಿಗುಲಾಬಿ ಗೆರೆ. ಟ್ರೌಟ್ ಲಿಲಿ ಎಂಬುದರ ಎಲೆಯ ಮೇಲೆ ಮೀನಿನ ಮೈಯಂಥ ಮಚ್ಚೆ. ಇನ್ನೊಂದರ ಹೆಸರು ಡಚ್‌ಮನ್ಸ್ ಬ್ರೀಚಸ್, ಅಂದರೆ ಡಚ್ಚರವನ ಚಡ್ಡಿ. ಹಗ್ಗದ ಮೇಲೆ ತಲೆಕೆಳಗಾಗಿ ಒಣಹಾಕಿದ ಬಿಳಿ ಚಡ್ಡಿಗಳ ಹಾಗೇ ಕಾಣುತ್ತದೆ! ಮೊಮ್ಮಗಳು ಅದರ ಮುಂದೆ ಕೂತು ನಕ್ಕಿದ್ದೇ ನಕ್ಕಿದ್ದು.

ನನ್ನ ಕಣ್ಣು ಹೋದದ್ದು ಮಾತ್ರ ಬೇರೊಂದು ಹೂವಿನ ಮೇಲೆ. ಅಚ್ಚ ಬಿಳುಪು, ಎಂಟು ಹತ್ತು ಎಸಳು, ನಡುವೆ ಬಂಗಾರದ ಬಣ್ಣದ ಕೇಸರಗಳು. ಒಂದು ರೂಪಾಯಿ ನಾಣ್ಯಕ್ಕಿಂತ ಎರಡರಷ್ಟು ಅಗಲ ಇರಬಹುದು. ಒಂದು ಗಿಡಕ್ಕೆ ಒಂದೇ ಹೂ, ಒಂದೇ ಎಲೆ. ಆ ಎಲೆ ಹೂವಿನ ದಂಟನ್ನು ಸುತ್ತಿಕೊಂಡು ನಿಂತಿತ್ತು. ಚಳಿಗಾಲದಲ್ಲಿ ಬಾಣಂತಿ ಮಗುವಿಗೆ ಶಾಲು ಸುತ್ತಿ ಎದೆಗೆ ಅವಚಿಕೊಂಡ ಹಾಗೆ. ಹೆಸರಿನ ಫಲಕ ನೋಡಿದೆ: ಬ್ಲಡ್‌ರೂಟ್.

ಇಷ್ಟು ಬೆಳ್ಳಗಿನ ಹೂವಿಗೆ ರಕ್ತದ ಹೆಸರೇ?

ನೆತ್ತರುಬೇರು

ಹೆಸರು ಬಂದದ್ದು ಹೂವಿನಿಂದಲ್ಲ, ನೆಲದೊಳಗಿನ ಗೆಡ್ಡೆಯಿಂದ. ಬೆರಳು ಗಾತ್ರದ ಗೆಡ್ಡೆ, ಅರಿಶಿನದ ಕೊಂಬಿನ ಹಾಗೆ ನೆಲದೊಳಗೆ ಅಡ್ಡಡ್ಡ ಬೆಳೆಯುತ್ತದೆ. ಕತ್ತರಿಸಿದರೆ ಕಿತ್ತಳೆ ಮಿಶ್ರಿತ ಕೆಂಪು ರಸ ಒಸರುತ್ತದೆ. ಆರತಿಗೆ ಅರಿಶಿನ ನೀರಿಗೆ ಸುಣ್ಣ ಬೆರೆಸಿ ಓಕುಳಿ ಮಾಡುತ್ತೇವಲ್ಲ, ಹೆಚ್ಚು ಕಡಿಮೆ ಅದೇ ಬಣ್ಣ. ಸಸ್ಯಗಳಿಗೆ ಎರಡೆರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಇದಕ್ಕೆ ಸಾಂಗ್ವಿನೇರಿಯಾ ಕೆನಡೆನ್ಸಿಸ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಸಾಂಗ್ವಿಸ್ ಎಂದರೆ ರಕ್ತ. ನಾನೂ ಮೊಮ್ಮಗಳೂ ಸೇರಿ ಕನ್ನಡದಲ್ಲಿ ನೆತ್ತರುಬೇರು ಎಂದು ಕರೆದೆವು. ಅವಳು ಕಲಿತ ಹೊಸ ಕನ್ನಡ ಪದ ಅದು.

ಯೂರೋಪಿನವರು ಬರುವ ಮೊದಲೇ ಅಲ್ಲಿದ್ದ ಮೂಲನಿವಾಸಿಗಳು ಈ ಕೆಂಪು ರಸವನ್ನು ಬಣ್ಣಕ್ಕೆ ಬಳಸುತ್ತಿದ್ದರು. ಚೆರೋಕಿ ಜನಾಂಗದ ಹೆಂಗಸರು ಬುಟ್ಟಿ ಹೆಣೆಯುವ ಸೀಳುಗಳಿಗೆ ಇದರಿಂದ ಕಿತ್ತಳೆ-ಕೆಂಪು ಬಣ್ಣ ಹಾಕುತ್ತಿದ್ದರು. ಕಪ್ಪು-ಕಂದು ಬಣ್ಣಕ್ಕೆ ಅಲ್ಲಿನ ಅಕ್ರೋಟದ ಮರ.

ಈ ಗಿಡದ ನೆಂಟರು ನಮ್ಮ ಅಡುಗೆಮನೆಯಲ್ಲೇ ಇದ್ದಾರೆ. ಗಸಗಸೆ ಪಾಯಸ ಯಾರಿಗೆ ಬೇಡ? ಆ ಗಸಗಸೆಯ ಗಿಡ ಮತ್ತು ಬ್ಲಡ್‌ರೂಟ್ ಒಂದೇ ಕುಟುಂಬದವು. ಇನ್ನೊಬ್ಬ ನೆಂಟ ನಮ್ಮ ಹೊಲದ ಬದುಗಳಲ್ಲಿ, ರಸ್ತೆಯ ಬದಿಗಳಲ್ಲಿ ಇದ್ದಾನೆ. ಮುಳ್ಳುಮುಳ್ಳು ಎಲೆ, ಹಳದಿ ಹೂ, ಮುರಿದರೆ ಹಳದಿ ಹಾಲು. ಕೆಲವು ಕಡೆ ಅದನ್ನು ದತ್ತೂರಿ ಎನ್ನುತ್ತಾರೆ. ಅದೂ ಮೂಲದಲ್ಲಿ ಮೆಕ್ಸಿಕೋ ಕಡೆಯಿಂದ ಬಂದದ್ದೇ. ಅದರ ಬೀಜದ ಎಣ್ಣೆ ಸಾಸಿವೆ ಎಣ್ಣೆಗೆ ಕಲಬೆರಕೆಯಾಗಿ 1998ರಲ್ಲಿ ದೆಹಲಿಯಲ್ಲಿ ಅನೇಕರು ಕಾಲು ಬಾತು ಕಾಯಿಲೆ ಬಿದ್ದರು, ಕೆಲವರು ಸತ್ತರು. ಆ ಎಣ್ಣೆಯಲ್ಲಿದ್ದ ವಿಷದ ಹೆಸರು ಸಾಂಗ್ವಿನರಿನ್. ಹೆಸರು ಎಲ್ಲಿಂದ ಬಂತು ಗೊತ್ತಾಯಿತಲ್ಲ? ಬ್ಲಡ್‌ರೂಟಿನ ಕೆಂಪು ರಸದಲ್ಲೂ ಅದೇ ವಿಷ. ಆದ್ದರಿಂದ ಮಕ್ಕಳೇ, ಅಮೆರಿಕದಲ್ಲಿರುವ ನಿಮ್ಮ ಅಣ್ಣ ಅಕ್ಕಂದಿರಿಗೂ ಹೇಳಿ: ಈ ಹೂವನ್ನು ನೋಡಬೇಕು, ಬಾಯಿಗೆ ಹಾಕಬಾರದು. ರಸ ಚರ್ಮಕ್ಕೂ ಒಳ್ಳೆಯದಲ್ಲ.

ಹೂ ಬಹಳ ದಿನ ಇರುವುದಿಲ್ಲ. ಬೆಳಿಗ್ಗೆ ಬಿಸಿಲಿಗೆ ಅರಳುತ್ತದೆ, ಸಂಜೆ ಮುಚ್ಚಿಕೊಳ್ಳುತ್ತದೆ. ಮೋಡ ಕವಿದ ದಿನ ಅರಳುವುದೇ ಇಲ್ಲ. ಮೂರ್ನಾಲ್ಕು ದಿನ ಕಳೆದರೆ ಎಸಳು ಉದುರುತ್ತದೆ. ಇದರಲ್ಲಿ ಮಕರಂದವಿಲ್ಲ, ಪರಾಗ ಮಾತ್ರ ಇದೆ. ಚಳಿಯಲ್ಲೂ ಹೊರಗೆ ಬರುವ ಪುಟ್ಟ ಕಾಡುಜೇನುಗಳು, ನೊಣಗಳು ಪರಾಗಕ್ಕಾಗಿ ಬರುತ್ತವೆ. ಯಾರೂ ಬರದಿದ್ದರೆ ಕೊನೆಗೆ ಕೇಸರಗಳು ಒಳಕ್ಕೆ ಬಾಗಿ ತನ್ನ ಪರಾಗವನ್ನು ತಾನೇ ಬಳಸಿಕೊಂಡು ಕಾಯಿ ಕಟ್ಟುತ್ತದೆ. ಹೂ ಉದುರಿದ ಮೇಲೆ ಎಲೆ ಅಗಲವಾಗುತ್ತದೆ, ನಮ್ಮ ಅಂಗೈಯಷ್ಟು, ಕೆಲವು ಅದಕ್ಕಿಂತ ದೊಡ್ಡವು. ಬೇಸಿಗೆಯ ನಡುವಿನವರೆಗೆ ಬಿಸಿಲನ್ನು ಹಿಡಿದು ಗೆಡ್ಡೆಯಲ್ಲಿ ಕೂಡಿಡುತ್ತದೆ. ಆಮೇಲೆ ಎಲೆ ಹಳದಿಯಾಗಿ ಮಾಯ. ಮೇಲೆ ಏನೂ ಇಲ್ಲ, ಒಳಗೆ ಮುಂದಿನ ವರ್ಷದ ಮೊಗ್ಗು ಸಿದ್ಧ. ಬ್ಯಾಂಕಿನವನ ಭಾಷೆಯಲ್ಲಿ ಹೇಳಿದರೆ ಮೂರ್ನಾಲ್ಕು ತಿಂಗಳು ದುಡಿದು, ಉಳಿದ ಎಂಟು ತಿಂಗಳು ಠೇವಣಿ ಇಟ್ಟು ಸುಮ್ಮನಿರುವ ಗಿರಾಕಿ.

ಇರುವೆಯ ಲೆಕ್ಕ

ಧಾಮದಲ್ಲಿ ಸ್ವಯಂಸೇವಕರಾಗಿದ್ದ ಒಬ್ಬ ಮಹಿಳೆ ಸಿಕ್ಕರು, ನನ್ನದೇ ವಯಸ್ಸು. ಮೊಮ್ಮಗಳು ತನ್ನ ಪ್ರಶ್ನೆಯನ್ನು ಅವರ ಮುಂದಿಟ್ಟಳು. ನಮ್ಮ ಮನೆಯ ಹಿಂದಿನ ಕಾಡಿಗೆ ಮರ ಬಂತು, ಹೂ ಯಾಕೆ ಬರಲಿಲ್ಲ?

ಅವರು ಹೇಳಿದ್ದು ಇಷ್ಟು. ಮೇಪಲ್ ಮರದ ಬೀಜಕ್ಕೆ ರೆಕ್ಕೆ ಇದೆ, ಗಾಳಿಯಲ್ಲಿ ಹಾರುತ್ತದೆ. ಚೆರಿ ಹಣ್ಣನ್ನು ಹಕ್ಕಿ ನುಂಗಿ ದೂರದಲ್ಲಿ ಬೀಜ ಹಾಕುತ್ತದೆ. ಓಕ್ ಮರದ ಕಾಯನ್ನು ಅಳಿಲು ಒಯ್ದು ಹೂತಿಟ್ಟು ಮರೆಯುತ್ತದೆ. ಬ್ಲಡ್‌ರೂಟಿನ ಬೀಜಕ್ಕೆ ಇದ್ಯಾವುದೂ ಇಲ್ಲ. ಅದನ್ನು ಒಯ್ಯುವುದು ಇರುವೆ.

ಬೀಜ ಕಂದು ಬಣ್ಣದ್ದು, ಹೊಳೆಯುತ್ತದೆ, ಸಾಸಿವೆಗಿಂತ ದೊಡ್ಡದು. ಅದರ ಒಂದು ಬದಿಗೆ ಬಿಳಿಯ ಮೆತ್ತನೆಯ ಜುಟ್ಟಿನಂಥದ್ದು ಅಂಟಿಕೊಂಡಿರುತ್ತದೆ. ಅದಕ್ಕೆ ಎಲೈಯೊಸೋಮ್ ಎಂದು ಹೆಸರು. ಅದರಲ್ಲಿ ಎಣ್ಣೆಯಂಶವಿದೆ, ಇರುವೆಗೆ ಅದು ಮೃಷ್ಟಾನ್ನ. ಇರುವೆ ಬೀಜವನ್ನು ಇಡಿಯಾಗಿ ಗೂಡಿಗೆ ಎಳೆದುಕೊಂಡು ಹೋಗುತ್ತದೆ. ಜುಟ್ಟನ್ನು ತನ್ನ ಮರಿಗಳಿಗೆ ತಿನ್ನಿಸಿ, ಗಟ್ಟಿ ಬೀಜವನ್ನು ಗೂಡಿನ ಕಸದ ಮೂಲೆಗೆ ಎಸೆಯುತ್ತದೆ. ಆ ಕಸವೇ ಬೀಜಕ್ಕೆ ಗೊಬ್ಬರ. ಇಲಿಗಳ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಅಜ್ಜಿಯರು ಅಕ್ಕಿಹಿಟ್ಟಿನ ರಂಗೋಲಿ ಹಾಕಿ ಇರುವೆಗೆ ಊಟ ಇಟ್ಟು ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ಈ ಗಿಡ ಊಟ ಇಟ್ಟು ಬಿತ್ತನೆ ಮಾಡಿಸಿಕೊಳ್ಳುತ್ತದೆ.

"ಇರುವೆ ಎಷ್ಟು ದೂರ ಒಯ್ಯುತ್ತದೆ?" ಎಂದು ನಾನು ಕೇಳಿದೆ.

"ಸಾಮಾನ್ಯವಾಗಿ ಒಂದೆರಡು ಮೀಟರ್."

ಅಷ್ಟು ಸಾಕಾಯಿತು ನನಗೆ. ಕಾರಿನಲ್ಲಿ ವಾಪಸ್ ಬರುವಾಗ ಲೆಕ್ಕ ಹಾಕಿದೆ. ಮಕ್ಕಳೇ, ನೀವೂ ಜೊತೆಗೆ ಹಾಕಿ. ಒಂದು ಬೀಜ ಮೊಳೆತು ಹೂ ಬಿಡಲು ಮೂರು ನಾಲ್ಕು ವರ್ಷ ಬೇಕು. ನಾಲ್ಕು ಎಂದಿಟ್ಟುಕೊಳ್ಳೋಣ. ನಾಲ್ಕು ವರ್ಷಕ್ಕೆ ಒಂದು ಸಲ, ಇರುವೆ ಅದರ ಬೀಜವನ್ನು ಎರಡು ಮೀಟರ್ ಮುಂದಕ್ಕೆ ಒಯ್ಯುತ್ತದೆ ಎನ್ನೋಣ. ನೂರು ವರ್ಷಕ್ಕೆ ಇಪ್ಪತ್ತೈದು ಸಲ, ಅಂದರೆ ಐವತ್ತು ಮೀಟರ್. ವಾಷಿಂಗ್ಟನ್ ನದಿ ದಾಟಿದ ಆ 1776ರ ರಾತ್ರಿಯೇ ಒಂದು ಬ್ಲಡ್‌ರೂಟ್ ಗಿಡವೂ ಪ್ರಯಾಣ ಹೊರಟಿದ್ದರೆ, ಈ ಇನ್ನೂರೈವತ್ತು ವರ್ಷಗಳಲ್ಲಿ ಅದು ನಡೆದಿರುವುದು 125 ಮೀಟರ್! ನಮ್ಮ ಮನೆಯಿಂದ ಮೂಲೆಯ ಕಿರಾಣಿ ಅಂಗಡಿಗೆ ಅದಕ್ಕಿಂತ ದೂರ. ನಡುವೆ ಒಂದು ಟಾರು ರಸ್ತೆ ಅಡ್ಡ ಬಂದರೆ ಅಲ್ಲಿಗೇ ನಿಂತಿತು.

ಮಗನ ಮನೆಯ ಹಿಂದಿನ ಕಾಡು ಒಮ್ಮೆ ಹೊಲವಾಗಿತ್ತು. ನೇಗಿಲು ಹೊಡೆದಾಗ ಗೆಡ್ಡೆಗಳು ಹೋದವು. ಸುತ್ತ ರಸ್ತೆ, ಮನೆ, ಹುಲ್ಲುಹಾಸು. ಮರಗಳು ಗಾಳಿಯಲ್ಲಿ, ಹಕ್ಕಿಯ ಹೊಟ್ಟೆಯಲ್ಲಿ ಬಂದವು. ಇರುವೆಯ ಜೊತೆ ನಡೆದು ಬರಬೇಕಾದ ಹೂ ಬರಲಿಲ್ಲ. ಹತ್ತಿರದಲ್ಲಿ ಒಂದು ಗಿಡವೂ ಉಳಿದಿರದಿದ್ದರೆ ಅದು ಎಂದಿಗೂ ಬರುವುದಿಲ್ಲ. ಕಾಡಿಗೆ ಹೋದವರು ಒಂದು ಚೆಂದದ ಗಿಡ ಕಂಡಿತೆಂದು ಗೆಡ್ಡೆ ಸಮೇತ ಕಿತ್ತು ತಂದರೆ ಎಷ್ಟು ವರ್ಷಗಳ ನಡಿಗೆಯನ್ನು ಅಳಿಸಿದಂತಾಯಿತು ನೋಡಿ. ಆ ಧಾಮದಲ್ಲಿ ಒಂದು ಎಲೆಯನ್ನೂ ಕೀಳುವಂತಿಲ್ಲ.

ಆದರೆ ಅಲ್ಲೇ ಒಂದು ಸಸ್ಯಪಾಲನಾ ಕೇಂದ್ರ ಇದೆ. ನರ್ಸರಿಯಲ್ಲೇ ಬೆಳೆಸಿದ ಗಿಡಗಳನ್ನು ಮಾರುತ್ತಾರೆ. ಮೊಗ್ಗು ಬಿಟ್ಟಿದ್ದ ಮೂರು ಬ್ಲಡ್‌ರೂಟ್ ಕುಂಡಗಳನ್ನು ಮೊಮ್ಮಗಳ ಹೆಸರಿನಲ್ಲಿ ಕೊಂಡೆ.

ಮೇಪಲ್ ಮರದ ಕೆಳಗೆ

ಮಗನ ಹಿತ್ತಲಿನ ಕೊನೆಯಲ್ಲಿ, ಕಾಡಿಗೆ ಹತ್ತಿಕೊಂಡಂತೆ ಒಂದು ಮೇಪಲ್ ಮರವಿದೆ. ಅದರ ಕೆಳಗೆ ಹುಲ್ಲುಹಾಸು ಸರಿಯಾಗಿ ಬೆಳೆಯುವುದಿಲ್ಲ. ಗಿಡ ನೆಡಲು ಅದೇ ಜಾಗ ಆರಿಸಿದೆವು. ಬ್ಲಡ್‌ರೂಟಿಗೆ ಬೇಕಾದದ್ದೂ ಅದೇ: ವಸಂತದಲ್ಲಿ ಬಿಸಿಲು, ಬೇಸಿಗೆಯಲ್ಲಿ ನೆರಳು, ನೀರು ನಿಲ್ಲದ ಮಣ್ಣು, ಮೇಲೆ ಕೊಳೆತ ಎಲೆಯ ಹೊದಿಕೆ. ಕೊಟ್ಟಿಗೆ ಗೊಬ್ಬರ, ಅಂಗಡಿ ಗೊಬ್ಬರ ಏನೂ ಬೇಡ. ಗೆಡ್ಡೆಯನ್ನು ಆಳಕ್ಕೆ ಹೂಳಬಾರದು. ಮೊಗ್ಗು ಮೇಲ್ಮುಖವಾಗಿ, ಗೆಡ್ಡೆ ಅಡ್ಡವಾಗಿ, ಎರಡು ಸೆಂಟಿಮೀಟರ್ ಮಣ್ಣಿನ ಕೆಳಗೆ ಇದ್ದರೆ ಸಾಕು. ಗಿಡದಿಂದ ಗಿಡಕ್ಕೆ ಒಂದು ಗೇಣು. ನಾನು ಗುಂಡಿ ತೋಡಿದೆ, ಮೊಮ್ಮಗಳು ನೆಟ್ಟಳು, ಅವಳ ಅಜ್ಜಿ ನೀರು ಹಾಕಿದಳು. ಹಾಕುವಾಗ ಅಭ್ಯಾಸಬಲದಿಂದ ಕೈ ಮುಗಿದಳು.

ನಾಲ್ಕನೆಯ ದಿನ ಮೂರೂ ಅರಳಿದವು. ಮೊಮ್ಮಗಳು ಶಾಲೆಯಿಂದ ಬರುವ ಹೊತ್ತಿಗೆ ಮುಚ್ಚಿಕೊಳ್ಳಲು ಶುರು ಮಾಡುತ್ತಿದ್ದವು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಪೂರ್ತಿ ಅರಳಿದ್ದನ್ನು ಅವಳು ನೋಡಿದಳು. ಸೋಮವಾರ ಎಸಳು ಉದುರಿದವು.

ಎರಡು ಹೂಗಳು ಕಾಯಿ ಕಟ್ಟಿದವು. ಎರಡೂ ತುದಿ ಚೂಪಾದ, ಬೆರಳುಗಣ್ಣಿನಷ್ಟು ಉದ್ದದ ಹಸಿರು ಕಾಯಿ. ಅದು ಮಾಗಿ ಬಿರಿದರೆ ಬೀಜ ನೆಲಕ್ಕೆ ಬಿದ್ದು ನಮಗಿಂತ ಮೊದಲು ಇರುವೆಗೆ ಸಿಗುತ್ತದೆ. ಅದಕ್ಕೆ ಮೇ ಕೊನೆಯಲ್ಲಿ ನನ್ನ ಹೆಂಡತಿ ಹಳೆಯ ತೆಳು ಪಂಚೆಯ ಎರಡು ತುಂಡು ಹೊಲಿದು ಪುಟ್ಟ ಚೀಲ ಮಾಡಿ ಕಾಯಿಗಳಿಗೆ ಕಟ್ಟಿದಳು. ಜೂನ್ ಮೊದಲ ವಾರ ಬಿಚ್ಚಿದರೆ ಎರಡೂ ಸೇರಿ 37 ಬೀಜ. ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೂವತ್ತಾರು ವರ್ಷದ ಚಾಳಿ.

ಈ ಬೀಜಕ್ಕೆ ಒಂದು ನಿಯಮವಿದೆ. ಒಣಗಿಸಿ ಡಬ್ಬಿಯಲ್ಲಿ ಇಡುವಂತಿಲ್ಲ. ಒಣಗಿದರೆ ಹುಟ್ಟುವುದು ಕಷ್ಟ. ಹಸಿ ಇರುವಾಗಲೇ ಬಿತ್ತಬೇಕು, ಆಮೇಲೆ ಅದು ಒಂದು ಚಳಿಗಾಲವನ್ನು ನೆಲದಲ್ಲೇ ಕಳೆಯಬೇಕು. 27 ಬೀಜಗಳನ್ನು ಮೇಪಲ್ ಮರದ ಕೆಳಗೆ ಅರ್ಧ ಬೆರಳು ಆಳಕ್ಕೆ ಸಾಲಾಗಿ ಬಿತ್ತಿ, ಮೇಲೆ ಎಲೆ ಮುಚ್ಚಿ, ಸುತ್ತ ಕಡ್ಡಿ ನೆಟ್ಟೆವು. ಉಳಿದ ಹತ್ತನ್ನು ಒಂದು ಒಣ ಎಲೆಯ ಮೇಲಿಟ್ಟು ಇರುವೆಗಳಿಗೆ ಬಿಟ್ಟೆವು.

ಆ ಮಧ್ಯಾಹ್ನ ಇನ್ನೂ ಕಣ್ಣ ಮುಂದಿದೆ. ಮೊದಲ ಇರುವೆ ಬರಲು ಹನ್ನೊಂದು ನಿಮಿಷ ಹಿಡಿಯಿತು. ಸಣ್ಣ ಕಂದು ಇರುವೆ. ಬೀಜದ ಸುತ್ತ ಒಂದು ಸುತ್ತು ಬಂದು, ಬಿಳಿ ಜುಟ್ಟನ್ನು ಬಾಯಲ್ಲಿ ಕಚ್ಚಿ, ಹಿಂದಕ್ಕೆ ಹಿಂದಕ್ಕೆ ಎಳೆಯತೊಡಗಿತು. ಮದುವೆಮನೆಯಲ್ಲಿ ಒಬ್ಬನೇ ಅಡುಗೆಯವನು ಕೊಪ್ಪರಿಗೆ ಎಳೆಯುವ ಹಾಗೆ. ಒಂದು ಕಡ್ಡಿ ಅಡ್ಡ ಬಂತು, ಸುತ್ತಿ ಹೋಯಿತು. ಇನ್ನೆರಡು ಇರುವೆ ಬಂದವು. ಸಂಜೆಯ ಹೊತ್ತಿಗೆ ಹತ್ತರಲ್ಲಿ ಎಂಟು ಬೀಜ ಹೋಗಿದ್ದವು. ಮೂರನ್ನು ನಾವು ಕಣ್ಣಾರೆ ಹಿಂಬಾಲಿಸಿದೆವು. ಅವು ಹಿತ್ತಲಿನ ಗೆರೆ ದಾಟಿ ಕಾಡಿನ ಕಡೆಗೇ ಹೋದವು.

"ತಾತ, ಅವು ನಮ್ಮ ಬೀಜ ಕದ್ದುಕೊಂಡು ಹೋದ್ವಾ?"

"ಇಲ್ಲ ಪುಟ್ಟ, ಕೂಲಿ ತಗೊಂಡು ಕೆಲಸ ಮಾಡ್ತಿವೆ."

ಜುಲೈ ಕೊನೆಗೆ ಎಲೆಗಳೆಲ್ಲ ಹಳದಿಯಾಗಿ ಮಲಗಿದವು. ಆಗಸ್ಟಿನಲ್ಲಿ ನಾವು ಊರಿಗೆ ಹೊರಟೆವು. "ರೀ, ಒಂದು ಗೆಡ್ಡೆ ಪೆಟ್ಟಿಗೇಲಿ ಇಟ್ಕೊಂಡು ಹೋಗೋಣ, ಹಾಸನದಲ್ಲಿ ಬರುತ್ತೆ," ಎಂದಳು ನನ್ನ ಹೆಂಡತಿ. ಬರುವುದಿಲ್ಲ. ಅದಕ್ಕೆ ಹಿಮ ಬೀಳುವಂಥ ಚಳಿಗಾಲ ಬೇಕು. ಅಲ್ಲದೆ ಬೇರೆ ದೇಶದ ಗಿಡ, ಬೀಜಗಳನ್ನು ಅನುಮತಿಯಿಲ್ಲದೆ ನಮ್ಮ ದೇಶಕ್ಕೆ ತರುವಂತಿಲ್ಲ. ಅದರ ಜೊತೆ ರೋಗ, ಹುಳು ಬರಬಹುದು. ಹೊರಗಿನಿಂದ ಬಂದ ಲಂಟಾನ ನಮ್ಮ ಕಾಡುಗಳನ್ನು ಹೇಗೆ ನುಂಗಿದೆ ಎಂದು ಮಲೆನಾಡಿನವರನ್ನು ಕೇಳಿ. ಅಲ್ಲಿಯದು ಅಲ್ಲೇ ಚೆನ್ನ.

ನೋಟ್‌ಬುಕ್ಕಿನ ಪುಟ

ಹೊರಡುವಾಗ ಮಗನಿಗೆ ಒಂದೇ ಮಾತು ಹೇಳಿದ್ದೆ, ಮೇಪಲ್ ಮರದ ಕೆಳಗಿನ ಎಲೆ ಗುಡಿಸಬೇಡ ಎಂದು. ಅಲ್ಲಿ ಶರತ್ಕಾಲ ಬಂತೆಂದರೆ ಬೀದಿಗೆ ಬೀದಿಯೇ ಯಂತ್ರ ಹಿಡಿದು ಎಲೆ ಊದುತ್ತದೆ. ಅಂಗಳದಲ್ಲಿ ಎಲೆ ಬಿದ್ದಿದ್ದರೆ ಸೋಮಾರಿ ಎಂದುಕೊಳ್ಳುತ್ತಾರೆ. ಆದರೆ ಈ ಹೂವಿನ ಬೀಜಕ್ಕೆ ಚಳಿಗಾಲದ ಕಂಬಳಿ ಆ ಎಲೆಯೇ. ಇರುವೆಯ ಗೂಡೂ ಅದರ ಕೆಳಗೇ. "ಅಪ್ಪ, ಅಕ್ಕಪಕ್ಕದವರು ಏನಂದ್ಕೋತಾರೆ?" ಎಂದ. ಪಕ್ಕದ ಮನೆಯ ಅಜ್ಜಿಯೇ ಅವನ ಕಡೆ ನಿಂತರು. ತಮ್ಮ ಅಂಗಳದ ಎಲೆಯನ್ನೂ ತಂದು ಅಲ್ಲೇ ಸುರಿದರಂತೆ.

ಮುಂದಿನ ಏಪ್ರಿಲ್‌ನಲ್ಲಿ ಮೊಮ್ಮಗಳು ಫೋಟೋ ಕಳಿಸಿದಳು. ಬಿತ್ತಿದ 27ರಲ್ಲಿ 14 ಮೊಳೆತಿದ್ದವು. ಒಂದೊಂದಕ್ಕೂ ಒಂದೇ ಎಲೆ, ಬಟ್ಟೆಯ ಗುಂಡಿಯಷ್ಟು. ಅದರ ಮುಂದಿನ ವರ್ಷ ನಾನೇ ಹೋಗಿದ್ದೆ. ಎಣಿಸಿದಾಗ 11 ಇದ್ದವು. ಎಲೆ ಎಂಟಾಣೆ ನಾಣ್ಯಕ್ಕಿಂತ ದೊಡ್ಡದಾಗಿ, ಅಂಚಿನಲ್ಲಿ ಕಚ್ಚು ಬಂದಿತ್ತು. ನೆಟ್ಟ ಮೂರು ಗಿಡಗಳು ಐದು ಹೂ ಬಿಟ್ಟಿದ್ದವು. ಹೀಗೆ ಗುಂಪು ದೊಡ್ಡದಾದ ಮೇಲೆ ಶರತ್ಕಾಲದ ಆರಂಭದಲ್ಲಿ ಗೆಡ್ಡೆಯನ್ನು ಬಿಡಿಸಿ ನೆಡಬಹುದು. ಪ್ರತಿ ತುಂಡಿಗೂ ಒಂದು ಮೊಗ್ಗು ಇರಬೇಕು, ಕೈಗೆ ಗವಸು ಇರಬೇಕು. ಅಜ್ಜಿಯ ಹಿತ್ತಲಿಗೆ ಒಂದು ತುಂಡು ಕೊಡುವುದೆಂದು ಮಾತಾಯಿತು.

ಆ ವರ್ಷ ಇನ್ನೊಂದು ಸಂಗತಿ ನಡೆಯಿತು. ಹಿತ್ತಲಿನ ಗೆರೆಯ ಆಚೆ, ಕಾಡಿನ ನೆಲದಲ್ಲಿ, ಒಂದು ಕೊಳೆತ ದಿಮ್ಮಿಯ ಪಕ್ಕ ಮೊಮ್ಮಗಳು ಎರಡು ಪುಟ್ಟ ಎಲೆ ಕಂಡಳು. ಅಲ್ಲಿ ನಾವು ಏನೂ ಬಿತ್ತಿರಲಿಲ್ಲ. ಟೇಪು ತಂದು ಅಳೆದೆವು. ಬೀಜ ಇಟ್ಟಿದ್ದ ಜಾಗದಿಂದ ಒಂದು ಮೀಟರ್ ಎಂಬತ್ತು ಸೆಂಟಿಮೀಟರ್. ಜೋಳದ ಹೊಲವಾಗಿದ್ದ ಆ ಕಾಡಿಗೆ ಹೂ ವಾಪಸ್ ಹೊರಟಿತ್ತು. ಮೊಮ್ಮಗಳು ಮೂರನೇ ತರಗತಿಯ ಆ ಹಳೆಯ ಪಟ್ಟಿಯನ್ನು ಹುಡುಕಿ ತೆಗೆದು, ಖಾಲಿ ಇದ್ದ ಮೊದಲ ಸಾಲಿನಲ್ಲಿ ಬರೆದಳು: ನೆತ್ತರುಬೇರು, 2.

ಇದನ್ನು ಓದುತ್ತಿರುವ ತಾತ ಅಜ್ಜಿಯರಲ್ಲಿ ನನ್ನ ಹಾಗೆ ವರ್ಷಕ್ಕೆ, ಎರಡು ವರ್ಷಕ್ಕೆ ಒಮ್ಮೆ ಮಕ್ಕಳ ಊರಿಗೆ ಹೋಗಿ ಬರುವವರು ಅನೇಕರಿದ್ದೀರಿ. ಅಲ್ಲಿ ಆರು ತಿಂಗಳು ಹೊತ್ತು ಹೋಗುವುದಿಲ್ಲ ಎನ್ನುತ್ತೀರಿ. ಹತ್ತಿರದಲ್ಲಿ ಎಲ್ಲಿ ಆ ನೆಲದ ಗಿಡಗಳನ್ನು ಬೆಳೆಸಿ ಮಾರುತ್ತಾರೆ ಎಂದು ಕೇಳಿ. ಒಂದು ಕುಂಡ ತಂದು ಮೊಮ್ಮಕ್ಕಳ ಕೈಯಲ್ಲಿ ನೆಡಿಸಿ. ನೀವು ವಾಪಸ್ ಬಂದ ಮೇಲೂ ಫೋನಿನಲ್ಲಿ ಮಾತಾಡಲು ಒಂದು ವಿಷಯ ಇರುತ್ತದೆ. "ಊಟ ಆಯ್ತಾ? ಶಾಲೆ ಹೇಗಿದೆ?" ಎಂಬ ಎರಡು ಪ್ರಶ್ನೆಗಳ ಆಚೆ ನಮ್ಮ ಮಾತು ಹೋದದ್ದು ಈ ಗಿಡದಿಂದ.

ಊರಿನಲ್ಲೇ ಇರುವ ಮಕ್ಕಳಿಗೂ ಇಂಥದ್ದೇ ಒಂದು ಗಿಡ ಇದೆ. ಗೌರಿ ಹೂ, ಅಗ್ನಿಶಿಖೆ ಎಂದೂ ಕರೆಯುತ್ತಾರೆ. ಅದೂ ಬೇಸಿಗೆಯೆಲ್ಲ ಗೆಡ್ಡೆಯಾಗಿ ನೆಲದೊಳಗೆ ಮಲಗಿರುತ್ತದೆ. ಮಳೆ ಬಿದ್ದೊಡನೆ ಮೇಲೆದ್ದು, ಎಲೆಯ ತುದಿಯನ್ನೇ ಸುರುಳಿ ಮಾಡಿಕೊಂಡು ಬೇಲಿ ಹತ್ತಿ, ಗೌರಿ ಹಬ್ಬದ ಹೊತ್ತಿಗೆ ಬೆಂಕಿಯ ನಾಲಿಗೆಯಂಥ ಹೂ ಬಿಡುತ್ತದೆ. ಅದರ ಗೆಡ್ಡೆಯೂ ವಿಷ, ಬಾಯಿಗೆ ಹಾಕಬಾರದು. ಈ ಮಳೆಗಾಲದಲ್ಲಿ ನಿಮ್ಮೂರಿನ ಬೇಲಿಗಳಲ್ಲಿ ಅದು ಎಲ್ಲೆಲ್ಲಿ ಇದೆ, ಎಷ್ಟಿದೆ ಎಂದು ಎಣಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೀಳಬೇಡಿ. ಮುಂದಿನ ವರ್ಷ ಅದೇ ಜಾಗಕ್ಕೆ ಹೋಗಿ ಮತ್ತೆ ಎಣಿಸಿ.

ನನಗೀಗ ಎಪ್ಪತ್ತನಾಲ್ಕು. ಮಂಡಿ ನೋವಿನಿಂದಾಗಿ ಈ ವರ್ಷ ಅಷ್ಟು ದೂರದ ವಿಮಾನ ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಬಿತ್ತಿದ ಬೀಜಕ್ಕೆ ಈ ಜೂನಿಗೆ ಮೂರು ವರ್ಷ ತುಂಬುತ್ತದೆ. ಈ ಏಪ್ರಿಲ್‌ನಲ್ಲಿ ಹೂ ಬಂದರೂ ಬರಬಹುದು, ಬಾರದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಹೋದ ವಾರ ಮೊಮ್ಮಗಳು ಎಲೆ ಸರಿಸಿ ನೋಡಿದಳಂತೆ. ಎರಡು ಕಡೆ ಮೊನಚಾದ ತುದಿ ಮೇಲೆ ಬಂದಿದೆ, ಒಳಗಿರುವುದು ಎಲೆ ಮಾತ್ರವೋ ಮೊಗ್ಗೂ ಇದೆಯೋ ಗೊತ್ತಾಗುತ್ತಿಲ್ಲ ಎಂದಳು. ಅರಳಿದರೆ ಬೆಳಿಗ್ಗೆ ಹನ್ನೊಂದಕ್ಕೇ ವಿಡಿಯೋ ಕರೆ ಮಾಡು, ಸಂಜೆ ಮಾಡಿದರೆ ಮುಚ್ಚಿರುತ್ತದೆ ಎಂದು ಹೇಳಿದ್ದೇನೆ. ಅಲ್ಲಿ ಬೆಳಿಗ್ಗೆ ಹನ್ನೊಂದು ಎಂದರೆ ಹಾಸನದಲ್ಲಿ ರಾತ್ರಿ ಎಂಟೂವರೆ. ಈಗ ನಾವು ಎಂಟಕ್ಕೇ ಊಟ ಮುಗಿಸುತ್ತಿದ್ದೇವೆ.